ಎಸೆದ ಮೇಲೆ ನಿಲ್ಲುವುದು

ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕ ಎಂದರೆ ಕೇಳುವವರಿಗೆ ದೊಡ್ಡ ಹುದ್ದೆಯಂತೆ ಕಾಣುತ್ತದೆ. ಎಪ್ಪತ್ತರ ದಶಕದ ಆರಂಭದಲ್ಲಿ ನಾನು ಉಡುಪಿಯ ಕಾಲೇಜೊಂದಕ್ಕೆ ಆ ಹುದ್ದೆಯಲ್ಲಿ ಸೇರಿದಾಗ ಅದರ ನಿಜವಾದ ಅರ್ಥ ಬೇರೆಯೇ ಇತ್ತು. ಸ್ವಾತಂತ್ರ್ಯ ದಿನಾಚರಣೆಗೆ ಬಾವುಟದ ಹಗ್ಗ ಸಿಕ್ಕಿಕೊಳ್ಳದಂತೆ ನೋಡಿಕೊಳ್ಳುವವನು, ವಾರ್ಷಿಕೋತ್ಸವಕ್ಕೆ ಬೆಂಚು ಹೊರಿಸುವವನು, ಹುಡುಗರು ಹೊಡೆದಾಡಿಕೊಂಡರೆ ನಡುವೆ ನುಗ್ಗಿ ಎರಡೂ ಕಡೆಯ ಏಟು ತಿನ್ನುವವನು. ಇತಿಹಾಸದ ಉಪನ್ಯಾಸಕರೊಬ್ಬರು ನನ್ನನ್ನು ಕಂಡಾಗಲೆಲ್ಲ, "ಸಂಬಳ ತೆಗೆದುಕೊಂಡು ಆಟ ಆಡುವ ಪುಣ್ಯ ನಮಗೆಲ್ಲಿ ಉಂಟು ಮಾರಾಯ್ರೆ" ಎನ್ನುತ್ತಿದ್ದರು. ಅವರನ್ನು ಒಂದು ದಿನ ಮಧ್ಯಾಹ್ನದ ಬಿಸಿಲಿಗೆ ಕರೆದೊಯ್ದು ಓಟದ ಪಥಕ್ಕೆ ಸುಣ್ಣ ಹಾಕಿಸಿದೆ. ಆಮೇಲೆ ಅವರು ಪುಣ್ಯದ ಮಾತು ಎತ್ತಲಿಲ್ಲ.

ಈಗ ಈ ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗ ಹುಡುಗಿಯರು ಕೆಲವೊಮ್ಮೆ ಶಿರ್ವದ ನನ್ನ ಮನೆಗೆ ಬರುತ್ತಾರೆ. ಅವರ ಕೈಯಲ್ಲಿ ಸೆಕೆಂಡನ್ನು ನೂರು ಚೂರು ಮಾಡುವ ಗಡಿಯಾರಗಳಿವೆ. "ನಿಮ್ಮ ಕಾಲದಲ್ಲಿ ಹೇಗಿತ್ತು ಸರ್?" ಎಂದು ಕೇಳುತ್ತಾರೆ. ಬಡ್ತಿ, ಸನ್ಮಾನ, ಶಾಲುಗಳ ಕತೆ ಅವರಿಗೆ ಬೇಡ, ನನಗೂ ಬೇಡ. ಹೇಳುವುದಾದರೆ ನಾನು ಕಾರ್ಕಳದ ಧರ್ಮಪಾಲರ ಕತೆ ಹೇಳಬೇಕು. ಅವರು ಕಾರ್ಕಳದ ಕಾಲೇಜಿನಲ್ಲಿ ನನ್ನದೇ ಹುದ್ದೆಯಲ್ಲಿದ್ದರು. ನನಗಿಂತ ಹಿರಿಯರು. ಬಹಳ ವರ್ಷ ನಾನು ಅವರನ್ನು ಕಂಡರೆ ಹಲ್ಲು ಕಡಿಯುತ್ತಿದ್ದೆ.

ನಮ್ಮ ಮೊದಲ ಭೇಟಿಯೇ ಹಾಗಾಯಿತು. ಅಂತರ ಕಾಲೇಜು ಕ್ರೀಡಾಕೂಟವನ್ನು ಮೊದಲ ಬಾರಿಗೆ ನಮ್ಮ ಮೈದಾನದಲ್ಲಿ ಏರ್ಪಡಿಸಿದ್ದೆ. ಓಟದ ಪಥದ ತಿರುವಿನಲ್ಲಿ ಹೊರಗಿನ ಸಾಲಿನವನಿಗೆ ದೂರ ಹೆಚ್ಚಾಗುತ್ತದೆ. ಅದನ್ನು ಸರಿದೂಗಿಸಲು ಅವನನ್ನು ಒಳಗಿನವನಿಗಿಂತ ಮುಂದೆ ನಿಲ್ಲಿಸುತ್ತಾರೆ. ಎಷ್ಟು ಮುಂದೆ ಎನ್ನುವುದು ಪುಸ್ತಕದಲ್ಲಿತ್ತು, ಹಾಗೆಯೇ ಗೆರೆ ಹಾಕಿದ್ದೆ. ಬೆಳಿಗ್ಗೆ ಮೊದಲ ಬಸ್ಸಿಗೆ ಕಾರ್ಕಳದಿಂದ ಬಂದಿಳಿದ ಧರ್ಮಪಾಲರು, ಬಿಳಿ ಅಂಗಿ, ಬಿಳಿ ಪ್ಯಾಂಟು, ಕ್ಯಾನ್ವಾಸ್ ಬೂಟು, ನಮಸ್ಕಾರ ಹೇಳುವುದಕ್ಕೂ ಮೊದಲು ಪಥದ ಸುತ್ತ ನಡೆದರು. ಆಮೇಲೆ ನಮ್ಮ ಪ್ರಿನ್ಸಿಪಾಲರ ಎದುರಿಗೇ ನನ್ನನ್ನು ಕರೆದರು.

"ಡಿಸೋಜರೇ, ನಿಮ್ಮ ಹೊರಗಿನ ಸಾಲಿನ ಹುಡುಗ ಪಾಪ ಎಂತ ತಪ್ಪು ಮಾಡಿದ್ದಾನೆ? ಅವನಿಗೆ ಮಾತ್ರ ಹೆಚ್ಚು ಓಡ್ಲಿಕ್ಕೆ ಹಾಕಿದ್ದೀರಲ್ಲ?"

"ಪುಸ್ತಕ ನೋಡಿಯೇ ಹಾಕಿದ್ದು" ಎಂದೆ.

"ಪುಸ್ತಕದ ಮೈದಾನ ದೊಡ್ಡದು. ಅಲ್ಲಿ ನಾನೂರು ಮೀಟರ್ ಅಂದರೆ ಒಂದು ಸುತ್ತು. ನಿಮ್ಮದು ಸಣ್ಣದು, ಎರಡು ಸುತ್ತು ಓಡ್ಲಿಕ್ಕುಂಟು. ತಿರುವು ಎರಡರಷ್ಟು ಆಗುವುದಿಲ್ಲವಾ?"

ಮುಖ ಎಲ್ಲಿಟ್ಟುಕೊಳ್ಳಬೇಕೆಂದು ತಿಳಿಯಲಿಲ್ಲ. ಅವರು ಅಷ್ಟಕ್ಕೇ ಬಿಡಲಿಲ್ಲ. ಬಿಳಿ ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿ, ಪೊರಕೆ ತರಿಸಿ, ನನ್ನ ಗೆರೆಗಳನ್ನು ಗುಡಿಸಿ ಹಾಕಿದರು. ಮತ್ತೆ ನನ್ನ ಜೊತೆಯಲ್ಲೇ ಕುಕ್ಕರುಗಾಲಿನಲ್ಲಿ ಕುಳಿತು ಹೊಸ ಗೆರೆ ಎಳೆದರು. ಕೂಟ ತಡವಾಗಿ ಶುರುವಾಯಿತು. ಅವರ ಪ್ಯಾಂಟು ಸಂಜೆಯವರೆಗೂ ಮೊಣಕಾಲಿನ ಹತ್ತಿರ ಮಣ್ಣು ಹತ್ತಿ ಕೆಂಪಾಗಿಯೇ ಇತ್ತು. ಅದನ್ನು ನೋಡಿಯೂ ನನ್ನ ಸಿಟ್ಟು ಇಳಿಯಲಿಲ್ಲ, ಪ್ರಿನ್ಸಿಪಾಲರ ಎದುರಿಗೆ ಹೇಳಿದ್ದನ್ನು ಮರೆಯುವ ಜಾಯಮಾನ ನನ್ನದಲ್ಲ.

ಆಮೇಲೆ ಪ್ರತಿ ಕೂಟದಲ್ಲೂ ಏನಾದರೊಂದು ಇದ್ದೇ ಇರುತ್ತಿತ್ತು. ಆಗ ಹೊರಗಿನಿಂದ ತೀರ್ಪುಗಾರರು ಬರುತ್ತಿರಲಿಲ್ಲ. ಬೇರೆ ಬೇರೆ ಕಾಲೇಜಿನ ನಾವೇ ಹಂಚಿಕೊಂಡು ತೀರ್ಪು ಕೊಡುತ್ತಿದ್ದೆವು. ಸರಿಯಿದ್ದರೆ ಬಿಳಿ ಬಾವುಟ, ತಪ್ಪಿದ್ದರೆ ಕೆಂಪು. ಧರ್ಮಪಾಲರ ಕೈಗೆ ಅವು ಸಿಕ್ಕಿದವೆಂದರೆ ಹುಡುಗರು ನಡುಗುತ್ತಿದ್ದರು. ರಿಲೇ ಓಟದಲ್ಲಿ ನಮ್ಮವರು ಎಲ್ಲರಿಗಿಂತ ಮುಂದೆ ಬಂದಿದ್ದಾಗ, ಕೋಲು ಕೈ ಬದಲಾದದ್ದು ಗೆರೆಯಿಂದ ಒಂದು ಹೆಜ್ಜೆ ಆಚೆಗೆ ಎಂದು ತಂಡವನ್ನೇ ಹೊರಗೆ ಹಾಕಿದರು. ತಮ್ಮ ಕಾಲೇಜಿನವರನ್ನೂ ಹಾಗೆಯೇ ಹಾಕುತ್ತಿದ್ದರು ಎಂಬುದು ನನಗೆ ಕಾಣುತ್ತಿರಲಿಲ್ಲ, ಕಂಡರೂ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ.

ಕೆಲಸದ ರೀತಿಯೂ ಈಗಿನಂತಿರಲಿಲ್ಲ. ಓಟ ಬಿಡಲು ಪಿಸ್ತೂಲು ಇರಲಿಲ್ಲ, ಎರಡು ಹಲಗೆಯನ್ನು ಫಟ್ಟೆಂದು ಬಡಿಯುತ್ತಿದ್ದೆವು. ಕಾಲೂರಲು ಓಟಗಾರರು ಕೈಗುದ್ದಲಿ ಹಿಡಿದು ಮುರಕಲ್ಲಿನ ಗಟ್ಟಿ ಕೆಂಪು ನೆಲದಲ್ಲಿ ಗುಳಿ ತೋಡಿಕೊಳ್ಳುತ್ತಿದ್ದರು. ಎತ್ತರ ಜಿಗಿತಕ್ಕೆ ಮರದ ಮಿಲ್ಲಿನ ಹೊಟ್ಟು. ಎಂಬತ್ತರ ದಶಕದಲ್ಲಿ ಮೆತ್ತನೆಯ ಹಾಸಿಗೆ ಬಂದ ಮೇಲೆ ಹುಡುಗರು ಬೆನ್ನು ಕೆಳಗೆ ಮಾಡಿ ಹಾರಲು ಕಲಿತರು. ಹೊಟ್ಟಿನ ಕಾಲದಲ್ಲಿ ಹಾಗೆ ಹಾರಿದ್ದರೆ ನೇರ ಆಸ್ಪತ್ರೆಗೆ ಸೇರುತ್ತಿದ್ದರು. ಉದ್ದ ಜಿಗಿತದ ಗುಂಡಿಗೆ ಪ್ರತಿ ವರ್ಷ ಹೊಸ ಮರಳು ಬೇಕಿತ್ತು. ಅದನ್ನು ತರಿಸಲು ಕಾಪುವಿಗೆ ಹೋದ ದಿನವೇ ಉಮೇಶ ನನ್ನ ಕಣ್ಣಿಗೆ ಬಿದ್ದದ್ದು.

ಕಡಲ ಬದಿಯಲ್ಲಿ ಮೊಣಕಾಲುದ್ದ ನೀರಿನಲ್ಲಿ ನಿಂತು ಒಬ್ಬ ಹುಡುಗ ಬಲೆ ಬೀಸುತ್ತಿದ್ದ. ಬಲೆಯ ಒಂದು ಮಡಿಕೆ ಮೊಣಕೈ ಮೇಲೆ, ಇನ್ನೊಂದು ಕೈಯಲ್ಲಿ, ಹಗ್ಗದ ತುದಿ ಮಣಿಕಟ್ಟಿಗೆ. ಸೊಂಟದಿಂದ ಮೇಲೆ ಇಡೀ ಮೈ ಹಿಂದಕ್ಕೆ ತಿರುಗಿ, ಮತ್ತೆ ಬಿಚ್ಚಿಕೊಂಡಿತು. ಬಲೆ ಗಾಳಿಯಲ್ಲಿ ದುಂಡಗೆ ಅರಳಿ ದೂರ ಹೋಗಿ ಬಿತ್ತು. ನಾನು ಮರಳಿನ ಲಾರಿಯನ್ನು ಮರೆತು ನಿಂತೆ. ಚಕ್ರ ಎಸೆತಕ್ಕೆ ಬೇಕಾದದ್ದು ಅದೇ ತಿರುಗು, ಅದೇ ಬಿಡುಗಡೆ. ನನ್ನ ಹುಡುಗರಿಗೆ ಬೈದು ಬೈದು ಕಲಿಸಿದರೂ ಅದು ಬಂದಿರಲಿಲ್ಲ. ಹತ್ತಿರ ಹೋಗಿ ನೋಡಿದರೆ ಅವನು ನಮ್ಮ ಕಾಲೇಜಿನವನೇ, ಬಿ.ಎ. ತರಗತಿಯ ಕೊನೆಯ ಬೆಂಚಿನವನು.

"ನೀನು ಒಮ್ಮೆಯೂ ಮೈದಾನಕ್ಕೆ ಬಂದದ್ದಿಲ್ಲವಲ್ಲ ಮಾರಾಯ?"

"ನೀವು ಕರೆದದ್ದಿಲ್ಲ ಸರ್" ಎಂದ.

ಮರುದಿನವೇ ಚಕ್ರ ಕೈಗೆ ಕೊಟ್ಟೆ. ಅದು ಮೈದಾನ ದಾಟಿ ಉಪನ್ಯಾಸಕರ ಸೈಕಲ್ ನಿಲ್ಲಿಸುವ ಜಾಗದವರೆಗೆ ಹೋಯಿತು. ಎರಡು ಸೈಕಲ್ ಮಲಗಿದವು. ನಾನು ಪ್ರಿನ್ಸಿಪಾಲರ ಬಳಿ ಬೈಸಿಕೊಂಡು, ಸಂತೋಷದಿಂದಲೇ ಹೊರಗೆ ಬಂದೆ.

ಆದರೆ ಒಂದು ತೊಂದರೆ ಇತ್ತು. ಚಕ್ರ ಎಸೆಯುವವನು ನೆಲದಲ್ಲಿ ಕೂರಿಸಿದ ಕಬ್ಬಿಣದ ಬಳೆಯೊಳಗೆ ನಿಂತು ಎಸೆಯಬೇಕು. ಎಸೆದ ಮೇಲೆ ಬಳೆಯನ್ನು ತುಳಿಯಬಾರದು, ಮುಂದಕ್ಕೆ ದಾಟಬಾರದು. ಚಕ್ರ ನೆಲಕ್ಕೆ ಬಿದ್ದ ಮೇಲೆ ಹಿಂದಿನ ಅರ್ಧದಿಂದಲೇ ಹೊರಗೆ ಬರಬೇಕು. ದಡದಲ್ಲಿ ಬಲೆ ಬೀಸುವವನು ಹಾಗೆ ನಿಲ್ಲುವುದಿಲ್ಲ. ಬಲೆ ಕೈ ಬಿಟ್ಟ ಕೂಡಲೇ ಹಗ್ಗಕ್ಕೆ ಸಡಿಲ ಕೊಡುತ್ತಾ ಅದರ ಹಿಂದೆಯೇ ಎರಡು ಹೆಜ್ಜೆ ನೀರಿಗೆ ಇಳಿಯುತ್ತಾನೆ. ಚಿಕ್ಕಂದಿನಿಂದ ಮೈಗೆ ಹತ್ತಿದ್ದು ಅದು. ಉಮೇಶನ ಚಕ್ರ ಎಲ್ಲರ ಚಕ್ರಕ್ಕಿಂತ ದೂರ ಹೋಗುತ್ತಿತ್ತು, ಅವನ ಕಾಲೂ ಅದರ ಹಿಂದೆಯೇ ಹೋಗುತ್ತಿತ್ತು. ಅವನ ಮೊದಲ ಅಂತರ ಕಾಲೇಜು ಕೂಟದಲ್ಲಿ ಅವನ ಎಲ್ಲ ಎಸೆತಗಳಿಗೂ ಧರ್ಮಪಾಲರ ಕೆಂಪು ಬಾವುಟವೇ ಸಿಕ್ಕಿತು. "ಎಸೆಯುವುದು ಚೆಂದ ಉಂಟು. ನಿಲ್ಲಲಿಕ್ಕೆ ಕಲಿಸಿ ಡಿಸೋಜರೇ" ಎಂದರು ಅವರು. ಬೆಂಕಿಗೆ ತುಪ್ಪ ಹೊಯ್ದಂತಾಯಿತು.

ಮರುವರ್ಷ ಉಮೇಶನಿಗೆ ಡಿಗ್ರಿಯ ಕೊನೆಯ ವರ್ಷ. ಒಂದು ಸಂಜೆ ಅಭ್ಯಾಸ ಮುಗಿಸಿ ಹೋಗುವಾಗ ಅವನು ಮೆಲ್ಲನೆ ಹೇಳಿದ, "ಸರ್, ನನಗೂ ನಿಮ್ಮ ಹಾಗೆ ಮಾಸ್ಟ್ರಾಗಬೇಕೂಂತ ಉಂಟು." ವ್ಯಾಯಾಮ ಶಿಕ್ಷಕರ ತರಬೇತಿಗೆ ಆಗ ಸೀಟುಗಳು ಕಡಿಮೆ. ಅಂತರ ಕಾಲೇಜು ಕೂಟದಲ್ಲಿ ಮೊದಲ ಮೂರು ಸ್ಥಾನಗಳಲ್ಲಿ ಒಂದನ್ನು ಪಡೆಯದವನಿಗೆ ಅಲ್ಲಿ ಬಾಗಿಲು ತೆರೆಯುತ್ತಿರಲಿಲ್ಲ. ಅವನಿಗೆ ಉಳಿದದ್ದು ಒಂದೇ ಕೂಟ. ಇತ್ತ ಎಂಜಿನ್ ಬೋಟುಗಳು ಬಂದು ದಡದಿಂದ ಎಳೆಯುವ ಬಲೆಗಳು ಬರಿದಾಗುತ್ತಿದ್ದ ಕಾಲ. ಅವನ ಅಪ್ಪ ಮಲ್ಪೆಯ ಬೋಟೊಂದರಲ್ಲಿ ಮಗನಿಗೆ ಜಾಗ ಮಾತಾಡಿಟ್ಟಿದ್ದರು. ಪರೀಕ್ಷೆ ಮುಗಿದ ಕೂಡಲೇ ಅವನು ಹೋಗಬೇಕಿತ್ತು.

ನಾನು ಕಾಪುವಿಗೆ ಹೋಗಿ ಅವರಲ್ಲಿ ಮಾತಾಡಿದೆ. ಅವರು ಹರಿದ ಬಲೆಗೆ ಗಂಟು ಹಾಕುತ್ತಲೇ ಕೇಳಿಸಿಕೊಂಡರು.

"ಮಾಸ್ಟ್ರೇ, ಬಲೆ ಬೀಸಿದರೆ ಒಂದು ಮೀನಾದರೂ ಬರ್ತದೆ. ಈ ತಟ್ಟೆ ಬೀಸಿದರೆ ಎಂತ ಬರ್ತದೆ?"

"ಸರ್ಟಿಫಿಕೇಟ್ ಬರ್ತದೆ. ಅದರಿಂದ ಕೆಲಸ."

"ಬಂದರೆ ಹೋಗಲಿ, ನಾನು ಬೇಡ ಹೇಳುವುದಿಲ್ಲ. ಬರದಿದ್ದರೆ ಮತ್ತೆ ನೀವು ಈ ಕಡೆ ಬರ್ಲಿಕ್ಕಿಲ್ಲ, ಅಲ್ವಾ?"

ನಾನು ಒಪ್ಪಿದೆ. ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಬೋಟಿನ ಜಾಗವೂ ಸುಮ್ಮನೆ ಸಿಗುವಂಥದ್ದಲ್ಲ, ಕೈ ಬಿಟ್ಟರೆ ಇನ್ನೊಬ್ಬನ ಪಾಲಾಗುತ್ತಿತ್ತು.

ಕಾಲನ್ನು ನಿಲ್ಲಿಸುವುದು ಹೇಗೆಂದು ಬಹಳ ತಲೆ ಕೆಡಿಸಿಕೊಂಡೆ. ಬೈದೆ, ಬಳೆಯ ಮುಂದೆ ಇಟ್ಟಿಗೆ ಇಟ್ಟೆ. ಅವನು ಇಟ್ಟಿಗೆಯನ್ನೂ ದಾಟಿದ. ಒಂದು ಭಾನುವಾರ ಹೊಳೆಯಲ್ಲಿ ಅವನು ದೋಣಿಯ ಮೇಲಿಂದ ಬಲೆ ಬೀಸುವುದನ್ನು ನೋಡುತ್ತಾ ಕುಳಿತಿದ್ದಾಗ ಹೊಳೆಯಿತು. ದೋಣಿಯಲ್ಲಿ ಅವನ ಕಾಲು ಕದಲುತ್ತಿರಲಿಲ್ಲ, ಕದಲಿದರೆ ನೀರು. ಅಲ್ಲಿ ಹೊಳೆ ದಾಟುವ ಕಡವಿನಲ್ಲಿ ಹಳೆಯ ಜಂಗಲ್ ಒಂದಿತ್ತು. ಎರಡು ದೋಣಿಗಳನ್ನು ಜೋಡಿಸಿ ಮೇಲೆ ಹಲಗೆ ಹಾಸಿ, ಹಿಂದೆ ಕಾರು ದಾಟಿಸುತ್ತಿದ್ದದ್ದು. ಅದನ್ನು ದಡದಿಂದ ತುಸು ದೂರದಲ್ಲಿ ಕಟ್ಟಿಸಿದೆ. ಹಲಗೆಯ ತುದಿಗೆ ತಾಗುವಂತೆ ಸುಣ್ಣದಲ್ಲಿ ವೃತ್ತ ಬರೆದೆ. ಚಕ್ರವನ್ನು ದಡದ ಮರಳಿನ ಕಡೆಗೆ ಎಸೆಯಬೇಕು, ಮುಂದೆ ಹೆಜ್ಜೆ ಇಟ್ಟರೆ ಹೊಳೆ.

ಮೊದಲ ದಿನ ಉಮೇಶ ಎಸೆದಾಗಲೆಲ್ಲ ಬಿದ್ದ. "ಹೀಗೆ ನಿಲ್ಲಬೇಕು" ಎಂದು ತೋರಿಸಲು ಹೋಗಿ ನಾನೂ ಬಿದ್ದೆ, ಸೀಟಿ ಬಾಯಲ್ಲೇ ಇತ್ತು. ದಡದಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸರು ನಗು ತಡೆಯಲಾರದೆ ಕೆಲಸ ನಿಲ್ಲಿಸಿದರು. ಸುದ್ದಿ ಕಾಲೇಜಿಗೆ ನನಗಿಂತ ಮೊದಲು ತಲುಪಿತ್ತು. "ಡಿಸೋಜ, ನಮ್ಮಲ್ಲಿ ಈಜು ಸ್ಪರ್ಧೆ ಯಾವಾಗಿನಿಂದ ಶುರುವಾಯಿತು?" ಎಂದು ಪ್ರಿನ್ಸಿಪಾಲರು ಕೇಳಿದರು. ಆದರೆ ವಾರಗಳು ಕಳೆದಂತೆ ಹುಡುಗ ಬೀಳುವುದು ಕಡಿಮೆಯಾಯಿತು. ಕೊನೆಗೆ ಜಂಗಲ್ ಅಲುಗಾಡಿದರೂ ಅವನು ಹಲಗೆಗೆ ಬೇರು ಬಿಟ್ಟವನಂತೆ ನಿಲ್ಲುತ್ತಿದ್ದ. ಮೈದಾನದಲ್ಲೂ ಹಾಗೆಯೇ ನಿಂತ. ಆ ದಿನ ಮನೆಗೆ ಹೋಗುವಾಗ ನನಗೆ ಹಾಡು ಬರುತ್ತಿತ್ತು.

ಆ ವರ್ಷದ ಕೂಟ ಮಣಿಪಾಲದ ಗುಡ್ಡದ ಮೇಲೆ. ಆಗ ಅಲ್ಲಿ ಈಗಿನಷ್ಟು ಕಟ್ಟಡಗಳಿರಲಿಲ್ಲ. ಬೋಳು ಮುರಕಲ್ಲು, ಗಾಳಿ, ದೂರದಲ್ಲಿ ಕಡಲಿನ ಗೆರೆ. ಬೆಳಿಗ್ಗೆ ತೀರ್ಪುಗಾರರ ಸಭೆಯಲ್ಲಿ ಚಕ್ರ ಎಸೆತದ ಬಳೆಗೆ ಎಂದಿನಂತೆ ಧರ್ಮಪಾಲರ ಹೆಸರು ಓದಿದರು. ನಾನು ಎದ್ದು ನಿಂತೆ. ಆ ವರ್ಷ ಕಾರ್ಕಳದ ಕಾಲೇಜಿನಿಂದ ಚಕ್ರ ಎಸೆಯುತ್ತಿದ್ದದ್ದು ಅವರ ಸ್ವಂತ ಮಗ ಅಜಿತ. ಅವನಿಗೂ ಕೊನೆಯ ವರ್ಷ, ಅವನಿಗೂ ಅದೇ ತರಬೇತಿ ಕಾಲೇಜಿನ ಆಸೆ.

"ಮಗ ಎಸೆಯುವಲ್ಲಿ ಅಪ್ಪ ಬಾವುಟ ಹಿಡಿಯುವುದು ಸರಿಯಲ್ಲ" ಎಂದೆ.

ಧರ್ಮಪಾಲರೇ ಮಾತಾಡಿದರು. "ಡಿಸೋಜರು ಹೇಳಿದ್ದು ಸರಿ ಉಂಟು. ಬೇರೆ ಯಾರನ್ನಾದರೂ ಹಾಕಿ."

ಬೇರೆ ಯಾರೂ ಮುಂದೆ ಬರಲಿಲ್ಲ. ಎಸೆತದ ನಿಯಮವನ್ನು ಅಷ್ಟು ಬಲ್ಲವರು ಇರಲಿಲ್ಲ, ಇದ್ದವರಿಗೆ ಈ ಜಗಳದ ನಡುವೆ ಬರುವ ಮನಸ್ಸಿರಲಿಲ್ಲ. ಕೊನೆಗೆ ಬಾವುಟ ಅವರ ಕೈಗೇ ಹೋಯಿತು. ಉಮೇಶನ ಕತೆ ಮುಗಿಯಿತು ಎಂದುಕೊಂಡೆ.

ಅವರು ಎಂದಿನಂತೆ ತಮ್ಮ ಕ್ರಮ ಬಿಡಲಿಲ್ಲ. ಪ್ರತಿ ಎಸೆತಕ್ಕೂ ಮೊದಲು ಚಿಟಿಕೆ ಸುಣ್ಣದ ಹುಡಿಯನ್ನು ಬಳೆಯ ಮೇಲೆ ಸುತ್ತಲೂ ಉದುರಿಸುತ್ತಿದ್ದರು, ಕಾಲು ತಾಗಿದರೆ ಗುರುತು ಉಳಿಯುತ್ತದೆಂದು. ಪ್ರತಿಯೊಬ್ಬನಿಗೂ ಸಾಲಾಗಿ ಮೂರು ಎಸೆತ. ಅಜಿತ ಮೂರನ್ನೂ ಅಚ್ಚುಕಟ್ಟಾಗಿ ಎಸೆದು ಮೂರನೆಯ ಸ್ಥಾನದಲ್ಲಿದ್ದ. ಉಮೇಶನ ಸರದಿ ಎಲ್ಲರಿಗಿಂತ ಕೊನೆಗೆ. ಅವನ ಮೊದಲ ಎಸೆತ ದೂರ ಹೋಯಿತು, ಕಾಲೂ ಹೋಯಿತು. ಕೆಂಪು. ಜನ, ಗದ್ದಲ, ಭಯ, ಎಲ್ಲ ಸೇರಿ ಹಳೆಯ ಅಭ್ಯಾಸ ಮರಳಿತ್ತು. ಎರಡನೆಯದಕ್ಕೂ ಕೆಂಪು.

ನಾನು ಜನರನ್ನು ತಡೆಯಲು ಕಟ್ಟಿದ ಹಗ್ಗದ ಬಳಿ ಓಡಿ ಹೋಗಿ, "ಉಮೇಶಾ, ಕಾಲು..." ಎಂದು ಕೂಗುವಷ್ಟರಲ್ಲಿ ಧರ್ಮಪಾಲರು ತಿರುಗಿದರು.

"ಡಿಸೋಜರೇ, ಇಲ್ಲಿ ಹೇಳಿಕೊಡ್ಲಿಕ್ಕೆ ಇಲ್ಲ. ಇನ್ನೊಂದು ಮಾತು ಬಂದರೆ ಹುಡುಗನನ್ನು ಹೊರಗೆ ಹಾಕಬೇಕಾಗ್ತದೆ. ಹಿಂದೆ ಹೋಗಿ."

ಬಾಯಿ ಮುಚ್ಚಿಕೊಂಡು ಹಿಂದೆ ಸರಿದೆ. ಉಮೇಶ ನನ್ನ ಕಡೆ ಒಮ್ಮೆ ನೋಡಿದ. ಆಮೇಲೆ ಕೆಳಗೆ ಕುಳಿತು ಬೂಟು ಬಿಚ್ಚಿ ಬದಿಗಿಟ್ಟು, ಜಂಗಲ್ ಮೇಲಿನಂತೆ ಬರಿಗಾಲಿನಲ್ಲಿ ಬಳೆಯೊಳಗೆ ಹೋದ. ನಾನು ಹೇಳಿಕೊಟ್ಟದ್ದಲ್ಲ ಅದು. ಹಿಂದಕ್ಕೆ ತಿರುಗಿದ, ಮೈ ಬಿಚ್ಚಿಕೊಂಡಿತು, ಚಕ್ರ ಗಾಳಿಗೆ ಹೋಯಿತು. ಅವನ ಮೈ ಚಕ್ರದ ಹಿಂದೆಯೇ ಬಾಗಿತು. ಬೆರಳ ತುದಿಯ ಮೇಲೆ, ಬಳೆಯ ಅಂಚಿಗೇ ತಾಗಿದನೋ ಇಲ್ಲವೋ ಎಂಬಂತೆ, ಎರಡೂ ಕೈ ಬೀಸುತ್ತಾ ತೂಗಾಡಿದ. ಧೂಳೆದ್ದಿತು. ಕಾರ್ಕಳದ ಹುಡುಗರು "ಔಟ್! ಮುಟ್ಟಿತು!" ಎಂದು ಕೂಗಿದರು. ಉಮೇಶ ನಿಂತ. ಚಕ್ರ ಬಿದ್ದದ್ದನ್ನು ಕಂಡ ನಮ್ಮ ಹುಡುಗರು ಕುಣಿಯುತ್ತಾ, "ಬಾ ಉಮೇಶಾ, ಬಾ!" ಎಂದು ಎದುರಿನಿಂದ ಕರೆದರು. ಆ ಮೂರ್ಖರ ಕರೆಗೆ ಓಗೊಟ್ಟು ಒಂದು ಹೆಜ್ಜೆ ಮುಂದಿಟ್ಟಿದ್ದರೆ ಎಲ್ಲ ಮುಗಿಯುತ್ತಿತ್ತು. ಅವನು ಅವರತ್ತ ನೋಡಲಿಲ್ಲ. ನಿಧಾನವಾಗಿ ತಿರುಗಿ, ಹಿಂದಿನ ಅರ್ಧದಿಂದ ಹೊರಗೆ ಬಂದ.

ಈಗ ಎಲ್ಲರ ಕಣ್ಣು ಧರ್ಮಪಾಲರ ಮೇಲೆ. ಅವರ ಎರಡೂ ಬಾವುಟ ಕೆಳಗಿದ್ದವು. ಸುತ್ತ ಸೇರಿದವರನ್ನು ದೂರ ಕಳಿಸಿದರು. ಕನ್ನಡಕ ಒರೆಸಿಕೊಂಡು ಮೊಣಕಾಲೂರಿ, ಎರಡೂ ಅಂಗೈ ನೆಲಕ್ಕಿಟ್ಟು, ಮುಖವನ್ನು ಬಳೆಯ ಹತ್ತಿರಕ್ಕೆ ತಂದು ಸುಣ್ಣದ ಗೆರೆ ನೋಡಿದರು. ಎದ್ದರು. ಮತ್ತೆ ಮೊಣಕಾಲೂರಿ ಇನ್ನೊಂದು ಬದಿಯಿಂದ ನೋಡಿದರು. ಹೀಗೆ ಎರಡೆರಡು ಬಾರಿ ನೋಡುವುದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಅಜಿತ ಹತ್ತು ಮಾರು ದೂರದಲ್ಲಿ ಸೊಂಟಕ್ಕೆ ಕೈಯಿಟ್ಟು ಅಪ್ಪನನ್ನೇ ನೋಡುತ್ತಿದ್ದ.

ಧರ್ಮಪಾಲರು ನಿಂತು ಬಿಳಿ ಬಾವುಟ ಎತ್ತಿದರು.

ಅಳತೆ ಪಟ್ಟಿ ಎಳೆದಾಗ ಉಮೇಶನ ಎಸೆತ ಅಜಿತನದಕ್ಕಿಂತ ಒಂದು ಗೇಣು ಮುಂದಿತ್ತು. ಉಮೇಶ ಮೂರನೆಯವನಾದ, ಅಜಿತ ನಾಲ್ಕನೆಯವನು. ನಮ್ಮ ಹುಡುಗರು ಉಮೇಶನನ್ನು ಹೆಗಲ ಮೇಲೆ ಹೊತ್ತರು. ಕಾರ್ಕಳದವರು ತಮ್ಮ ಮಾಸ್ಟ್ರಿಗೆ ಬೆನ್ನು ತಿರುಗಿಸಿ ಹೋದರು. ನನಗೆ ಅಳು ಬಂತು, ಅದನ್ನು ಯಾರಿಂದಲೂ ಮರೆಮಾಡಲಿಲ್ಲ. ಉಮೇಶ ಮುಂದೆ ತರಬೇತಿಗೆ ಹೋದ, ಕಾಪುವಿನ ಕಡೆಯ ಹೈಸ್ಕೂಲಿನಲ್ಲಿ ಬಹುಕಾಲ ವ್ಯಾಯಾಮ ಶಿಕ್ಷಕನಾಗಿದ್ದು ನಿವೃತ್ತನಾದ. ಅವನ ಅಪ್ಪ ನನ್ನ ಮನೆಗೆ ಅಂಜಲ್ ಮೀನು ತಂದುಕೊಟ್ಟು ಹೋದದ್ದೂ ನೆನಪಿದೆ. ಆದರೆ ಹೊಸಬರಿಗೆ ನಾನು ಹೇಳಬೇಕಾದದ್ದು ಆ ದಿನದ ಸಂಜೆಯ ವಿಷಯ.

ಶಿರ್ವದ ಬಸ್ಸಿಗಾಗಿ ಉಡುಪಿಯ ಬಸ್ ನಿಲ್ದಾಣದಲ್ಲಿ ನಿಂತಿದ್ದೆ. ಪಕ್ಕದಲ್ಲೇ ಕಾರ್ಕಳದ ಬಸ್ಸು. ಕಂಡಕ್ಟರ್ "ಕಾರ್ಕಳ, ಕಾರ್ಕಳ" ಎಂದು ಗಂಟಲು ಹರಿದುಕೊಳ್ಳುತ್ತಿದ್ದ. ಒಳಗೆ ಅಜಿತ ಮುಂದಿನ ಸೀಟಿನಲ್ಲಿ ಒಬ್ಬನೇ ಕುಳಿತಿದ್ದ. ಧರ್ಮಪಾಲರು ಹಿಂದಿನ ಬಾಗಿಲ ಬಳಿ, ಪಕ್ಕದ ಸೀಟಿನಲ್ಲಿ ತಮ್ಮ ಚೀಲ ಇಟ್ಟುಕೊಂಡು ಕುಳಿತಿದ್ದರು. ನಾನು ಹತ್ತಿದೆ.

"ಧರ್ಮಪಾಲರೇ, ಬೆಳಿಗ್ಗೆ ಸಭೆಯಲ್ಲಿ ನಾನು..."

"ಅದು ಸರಿಯೇ ಹೇಳಿದ್ದು. ಮುಂದಿನ ವರ್ಷವೂ ಹೇಳಿ."

"ನಿಮಗೆ ಹೇಗೆ ಥ್ಯಾಂಕ್ಸ್ ಹೇಳುವುದು ಗೊತ್ತಾಗುವುದಿಲ್ಲ."

"ಎಂತದಕ್ಕೆ ಥ್ಯಾಂಕ್ಸ್? ನಾನು ನಿಮಗೆ ಎಂತ ಕೊಟ್ಟಿದ್ದೇನೆ? ತಾಗಿದ್ದರೆ ಕೆಂಪು ಎತ್ತುತ್ತಿದ್ದೆ. ಇಳಿಯಿರಿ, ಬಸ್ಸು ಹೊರಡ್ಲಿಕ್ಕಾಯ್ತು."

ಇಳಿಯಲು ಮೆಟ್ಟಿಲಿಗೆ ಕಾಲಿಟ್ಟಿದ್ದೆ. ಅಷ್ಟರಲ್ಲಿ ಅಜಿತ ಮುಂದಿನಿಂದ ಎದ್ದು ಬಂದು, ಮೇಲಿನ ಸರಳು ಹಿಡಿದು ಅಪ್ಪನ ಎದುರು ನಿಂತ.

"ಅಪ್ಪ, ನಿಜವಾಗಿಯೂ ತಾಗಲಿಲ್ಲವಾ?"

"ಇಲ್ಲ ಮಗ."

"ಸ್ವಲ್ಪವೂ?"

ಧರ್ಮಪಾಲರು ಕನ್ನಡಕ ತೆಗೆದರು. "ತಾಗಿದ್ದರೆ ಸಾಕಿತ್ತು ಅಂತಲೇ ಎರಡು ಸಲ ನೋಡಿದೆ" ಎಂದರು. "ತಾಗಿರಲಿಲ್ಲ."

ನಾನು ಇಳಿದೆ, ಬಸ್ಸು ಹೊರಟಿತು. ಅಜಿತ ಅಪ್ಪನ ಚೀಲವನ್ನು ಎತ್ತಿ ತನ್ನ ತೊಡೆಯ ಮೇಲಿಟ್ಟುಕೊಂಡು ಅವರ ಪಕ್ಕದಲ್ಲಿ ಕುಳಿತ.